ಹಿಮ್ಮೇಳ ಎದ್ದ ಹೊತ್ತು

“ಇಷ್ಟು ಲಗೂನ ಈ ಬೇನೀನ ಯಾರು ಎಬ್ಬಿಸಿದ್ರೋ?”

ಬೈಲಹೊಂಗಲದ ಆಸ್ಪತ್ರೆಯ ಪಡಸಾಲೆಯಲ್ಲಿ ಕುಳಿತ ಹುಸೇನಮಾ ಎದುರಿನ ಗೋಡೆಯನ್ನು ಕೇಳಿದಳು. ಗಂಡ ಗೌಸಸಾಬ ಅಳಿಯನಿಗೆ ಫೋನ್ ಹಚ್ಚಲು ಎಸ್‌ಟಿಡಿ ಬೂತಿಗೆ ಹೋಗಿದ್ದ. ಒಳಗೆ ಮಗಳು ಹಿನಾಕೌಸರಳಿಗೆ ಏಳು ತಿಂಗಳಿಗೇ ಬೇನೆ ಹತ್ತಿತ್ತು. ಚೊಚ್ಚಲ ಹೆರಿಗೆಗೆಂದು ಅವಳು ರಾಮದುರ್ಗದಿಂದ ದೊಡವಾಡದ ತವರಿಗೆ ಬಂದು ಇನ್ನೂ ವಾರ ತುಂಬಿರಲಿಲ್ಲ.

ಡಾಕ್ಟರಬಾಯಿ ಬಾಗಿಲು ಅರ್ಧ ತೆರೆದು ನಿಂತರು. “ಬೇನಿ ನಿಲ್ಲಸಾಕ ಸಲಾಯಿನ್ ಹಚ್ಚೇನಿ. ಮನ್ಯಾಗ ಏನರ ಕುಡಿಸಿದ್ರೇನು?”

“ಹೊಟ್ಟಿ ಕಟ್ಟೇತಿ ಅಂದ್ಳ್ರಿ. ಚಾದಾಗ ಔಡಲೆಣ್ಣಿ ಹಾಕಿ ಕೊಟ್ಟೆ. ನಮ್ಮವ್ವನೂ ನನಗ ಕೊಟ್ಟಿದ್ಳು.”

“ನಿಮಗ ಯಾವಾಗ ಕೊಟ್ಟಿದ್ರು?”

“ದಿನಾ ತುಂಬಿದ ಮ್ಯಾಲ...” ಹುಸೇನಮಾಗೆ ಹಿಂದಿನ ರಾತ್ರಿಯದು ನೆನಪಾಯಿತು. ಮೂಗು ಹಿಡಿದುಕೊಂಡು, “ಇದೇನ ಚಾನೋ, ಗಾಣಾ ತೊಳದ ನೀರೋ?” ಎಂದು ನಗುತ್ತಲೇ ಬಸಿಯಲ್ಲಿದ್ದ ಚಹಾ ಖಾಲಿ ಮಾಡಿದ್ದಳು ಮಗಳು.

ಡಾಕ್ಟರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ಗರ್ಭಚೀಲದ ಒಂದೊಂದು ಜೀವಕೋಶದ ಮ್ಯಾಲೂ ಸುದ್ದಿ ಹಿಡಿಯೋ ಪ್ರೋಟೀನು ಇರತಾವವ್ವಾ. ದಿನಾ ತುಂಬೂತನಕ ‘ಸುಮ್ಮಕಿರ್ರಿ’ ಅನ್ನೂ ಸುದ್ದೀನ ಜೋರ. ಆಮ್ಯಾಲ ‘ಹಿಂಡ್ರಿ’ ಅನ್ನೂ ಸುದ್ದಿ ಬರತೈತಿ. ಕೋಶಕೋಶದ ನಡುವ ಸಣ್ಣ ಕಿಂಡಿ ತೆರದು, ಒಂದರದು ಇನ್ನೊಂದಕ್ಕ ಮುಟ್ಟಿ, ಎಲ್ಲಾ ಕೂಡೇ ಹಿಂಡತಾವ. ಔಡಲೆಣ್ಣಿ ಆ ಪ್ರೋಟೀನನ್ನ ಹೊತ್ತಿಲ್ಲದ ಹೊತ್ತಿನ್ಯಾಗ ಎಬ್ಬಸಬಹುದು. ಬರೇ ಎಣ್ಣಿಂದನ ಹಿಂಗಾತು ಅಂತ ನಾ ಅನ್ನೂದಿಲ್ಲ.”

ಹುಸೇನಮಾಗೆ ತಿಳಿಯಿತು. ಗೌಸಸಾಬ ಮೊಹರಮ್ಮಿನಲ್ಲಿ ರಿವಾಯತ ಪದ ಹಾಡುವವನು. ಅವನೊಬ್ಬನೇ ಸೊಲ್ಲು ಎಳೆಯುವಾಗ ಹಿಮ್ಮೇಳದವರು ತಲೆ ತಗ್ಗಿಸಿ ಕಾಯುತ್ತಾರೆ. ಒಬ್ಬ ತಪ್ಪಿ ಮೊದಲೇ ದನಿ ಎತ್ತಿದನೆಂದರೆ ಎಲ್ಲರೂ ಏಳುತ್ತಾರೆ; ಮತ್ತೆ ಕೂರಿಸಲು ಗೌಸಸಾಬನಿಂದಲೂ ಆಗುವುದಿಲ್ಲ.

ಸಲಾಯಿನ್‌ಗೂ ಆಗಲಿಲ್ಲ. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಂಗೈಯಗಲದ ಗಂಡುಕೂಸು ಬಂತು. ಗೌಸಸಾಬ ಅದರ ಕಿವಿಯಲ್ಲಿ ಅಜಾನ್ ಹೇಳಿದ. ಅಷ್ಟು ಮೆಲ್ಲಗೆ ಅವನು ಎಂದೂ ದನಿ ತೆಗೆದಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಕೂಸು ಹೋಯಿತು.

ಡಾಕ್ಟರ ಮಾತು ಹಿನಾಕೌಸರಳ ಕಿವಿಗೂ ಬಿದ್ದಿತ್ತು. ಬಾಣಂತನದ ನಲವತ್ತು ದಿನ ಕಳೆಯುವ ತನಕ ತಾಯಿ ಮಾಡಿ ಹಾಕಿದ ರೊಟ್ಟಿ ಉಂಡಳು, ತಲೆಗೆ ನೀರು ಹಾಕಿಸಿಕೊಂಡಳು. ಆದರೆ ಚಹಾ ಮಾತ್ರ ತಾನೇ ಕಾಸಿಕೊಂಡಳು.

ಗಂಡ ಕರೆಯಲು ಬಂದ ದಿನ, ದೊಡವಾಡದ ಬಸ್ ನಿಲ್ದಾಣದಲ್ಲಿ, ಹುಸೇನಮಾ ಮಗಳ ಸೆರಗು ಹಿಡಿದಳು.

“ಮುಂದಿನ ಹೆರಿಗಿಗೂ ಇಲ್ಲೇ ಬಾ ಬೇಟಾ. ಏನೂ ಕುಡಸೂದಿಲ್ಲ. ಹೊಟ್ಟಿ ಮುಟ್ಟೂದೂ ಇಲ್ಲ. ಬರೇ ಬಾಜೂಕ ಕುಂದರತೇನಿ.”

ಹಿನಾಕೌಸರ ತಾಯಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

“ಇಲ್ಲಮ್ಮಾ. ನಾ ಬರೂದಿಲ್ಲ.”