ಕರಿ ಟಗರಿನ ಯಜಮಾನಿ

ಪೆಟ್ಟಿಗೆಯನ್ನು ವ್ಯಾನಿನಿಂದ ಅರ್ಧ ಹೊರಗೆಳೆದ ಮೇಲೆ ಹೊರಲು ಜನ ಸಾಲದೆಂದು ಗೊತ್ತಾಯಿತು. ಶವಸಂಸ್ಕಾರದ ಗುತ್ತಿಗೆಯವರು ನಾಲ್ವರನ್ನು ಕಳಿಸಿದ್ದರು. ಅವರಲ್ಲೊಬ್ಬ ಚರ್ಚಿನ ಗೇಟಿನ ಮೆಟ್ಟಿಲಲ್ಲಿ ಕಾಲು ಉಳುಕಿಸಿಕೊಂಡು ಗೋಡೆಗೆ ಒರಗಿ ನಿಂತಿದ್ದ. ನವೆಂಬರಿನ ಗಾಳಿ ಬೆಟ್ಟದ ಮೇಲಿಂದ ನೇರವಾಗಿ ಇಳಿಯುತ್ತಿತ್ತು. ಎನಿಡ್ ಕೈಚೀಲವನ್ನು ಹೊಟ್ಟೆಗೆ ಒತ್ತಿ ಹಿಡಿದು, ಗಂಡನ ತಲೆ ಯಾವ ಕಡೆಗಿದೆ ಎಂದು ಅಂದಾಜು ಮಾಡುತ್ತಿದ್ದಳು.

"ಹೊರೋಕೂ ಜನ ಇಲ್ಲದ ಸಾವಾಯ್ತು ನಮ್ಮಣ್ಣಂದು," ಎಂದಳು ಪಕ್ಕದಲ್ಲಿದ್ದ ನಾದಿನಿ ಮೇವಿಸ್. ಆ ಬೆಳಿಗ್ಗೆಯಷ್ಟೇ ಅವಳು ಲೀಡ್ಸ್‌ನಿಂದ ಬಸ್ಸಿನಲ್ಲಿ ಬಂದಿದ್ದಳು.

ಅಷ್ಟರಲ್ಲಿ ಕುರಿ ಸಾಗಿಸುವ ಲಾರಿಯೊಂದು ಏರು ಹತ್ತಿ ಬಂದು ನಿಂತಿತು. ಹಿಂದಿನ ಹಲಗೆ ಇಳಿಯಿತು. ಒಳಗಿಂದ ಕಪ್ಪು ಕೋಟು ತೊಟ್ಟ ಹತ್ತು ಗಂಡಸರು ಒಬ್ಬೊಬ್ಬರಾಗಿ ಕೆಳಗಿಳಿದರು. ಕೆಲವರ ಕೋಟು ಮದುವೆಯ ಕಾಲದ್ದಿರಬೇಕು, ಗುಂಡಿ ಹೊಟ್ಟೆಯ ಮೇಲೆ ಸೇರುತ್ತಿರಲಿಲ್ಲ. ಎತ್ತರದ ಮುದುಕನೊಬ್ಬ ಮುಂದೆ ಬಂದು ಪೆಟ್ಟಿಗೆಯ ಕೆಳಗೆ ಹೆಗಲು ಕೊಟ್ಟು, "ಬಿಡ್ರಪ್ಪಾ, ವಿಲ್ಫ್‌ನ ನಾವು ತಗೊಂಡೋಗ್ತೀವಿ," ಎಂದ.

"ಯಾರೇ ಇವರು?" ಮೇವಿಸ್ ಕೇಳಿದಳು.

ಎನಿಡ್ ತಲೆಯಾಡಿಸಿದಳು. ಅವಳಿಗೂ ಗೊತ್ತಿರಲಿಲ್ಲ. ಆದರೆ ಅವರಿಗೆ ಅವಳು ಗೊತ್ತಿದ್ದ ಹಾಗಿತ್ತು. ದಾಟಿ ಹೋಗುವಾಗ ಒಬ್ಬೊಬ್ಬನೂ ಟೋಪಿ ತೆಗೆದು, ಅವಳ ಮುಖ ನೋಡಿ, ತಟ್ಟನೆ ಕಣ್ಣು ಕೆಳಗೆ ಹಾಕುತ್ತಿದ್ದ. ಕೆಂಪು ಮೂಗಿನ ಕುಳ್ಳನೊಬ್ಬ ಅವಳನ್ನು ಕಂಡಿದ್ದೇ ಸೇದುತ್ತಿದ್ದ ಸಿಗರೇಟನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. ಎಪ್ಪತ್ತು ವರ್ಷದಲ್ಲಿ ಯಾರೂ ಎನಿಡ್‌ಗೆ ಹೆದರಿದ್ದು ಅವಳು ಕಂಡಿರಲಿಲ್ಲ.

ಮಣ್ಣು ಮಾಡಿದ್ದು ಬೇಗ ಮುಗಿಯಿತು. ಹಿಂದಿನ ರಾತ್ರಿಯ ಮಳೆಗೆ ಗುಂಡಿಯ ಸುತ್ತ ಹಳದಿ ಜೇಡಿ ಕಲಸಿಹೋಗಿತ್ತು. ಅವಳದೇ ಊರು ಸ್ಟೋನ್‌ಬೆಕ್‌ನಿಂದ ಬಂದಿದ್ದವರು ಐದೇ ಜನ. ಅವರು ಪಾದ್ರಿಯ ಕೈ ಕುಲುಕಿ ಹೊರಟರು. ಹೊರಗಿನ ಹತ್ತು ಮಂದಿ ಮಾತ್ರ ಹೋಗಲಿಲ್ಲ. ಕೊನೆಗೆ ಎತ್ತರದ ಮುದುಕ ಹತ್ತಿರ ಬಂದ.

"ಮಿಸೆಸ್ ಆಲ್ಡರ್‌ಸನ್, ನನ್ನ ಹೆಸರು ಅಲೆಕ್ ರೇನ್. ಗುಡ್ಡದ ಆಚೆ ಹಾರ್‌ಗಿಲ್‌ನಲ್ಲಿ ಕುರಿ ಸಾಕ್ತೀನಿ. ನಾವೆಲ್ಲ ಅಲ್ಲಿ ಕರಿ ಟಗರು ಪಬ್ಬಿನವರು. ವಿಲ್ಫ್ ನಮ್ಮ ಜತೆ ಕೂತ್ಕೊಳ್ತಿದ್ದ. ಅಲ್ಲಿ ಒಂದಿಷ್ಟು ಊಟಕ್ಕೆ ಇಟ್ಟಿದೀವಿ. ನೀವು ಬಂದ್ರೆ..." ಅವನು ಜೇಡಿ ಮೆತ್ತಿದ ತನ್ನ ಬೂಟು ನೋಡಿದ. "ಬರಲೇಬೇಕು ಅಂತ ಹೇಳೋ ಧೈರ್ಯ ನನಗಿಲ್ಲ."

"ಅವಳು ಪಬ್ಬಿಗೆಲ್ಲ ಹೋಗೋಳಲ್ಲ," ಎಂದಳು ಮೇವಿಸ್.

ಎನಿಡ್ ಆಗಲಿ ಎಂದು ತಲೆಯಾಡಿಸಿದಳು.

*

ಅವಳಿಗೆ ಐದನೆಯ ವಯಸ್ಸಿನಿಂದಲೇ ಉಗ್ಗು. ಶಾಲೆಯಲ್ಲಿ ಹಾಜರಿ ಕರೆದಾಗ ಪಕ್ಕದ ಹುಡುಗಿ ಅವಳ ಪರವಾಗಿ ಓ ಅನ್ನುತ್ತಿದ್ದಳು. ಅಂಗಡಿಯವನು ಅವಳ ಬಾಯಿಂದ ಮೊದಲ ಅಕ್ಷರ ಬರುವ ಮೊದಲೇ ಸಕ್ಕರೆ ತೂಗಿಬಿಡುತ್ತಿದ್ದ, ಅವಳಿಗೆ ಬೇಕಾಗಿದ್ದು ಸೋಪು. ಊರೆಲ್ಲ ಅವಳ ಮಾತನ್ನು ತಾನೇ ಮುಗಿಸಿಕೊಡುತ್ತಿತ್ತು. ತಪ್ಪಾಗಿ ಮುಗಿಸಿದರೂ ಅವಳು ಹೌದು ಅನ್ನುತ್ತಿದ್ದಳು, ಮತ್ತೆ ಮೊದಲಿಂದ ಶುರುಮಾಡುವ ಕಷ್ಟ ಯಾರಿಗೆ ಬೇಕು.

ವಿಲ್ಫ್ ಹಾಗೆ ಮಾಡಲಿಲ್ಲ. ಅವಳ ಅಪ್ಪನ ಹೊಲಕ್ಕೆ ಕಲ್ಲುಗೋಡೆ ಕಟ್ಟಲು ಬಂದಿದ್ದ. ಅವಳು ಟೀ ಒಯ್ದು ಕೊಟ್ಟು ಏನೋ ಹೇಳಹೊರಟಾಗ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟು ಕಾದ. ಮಾತು ಬರುವವರೆಗೂ ಕಾದ. ಅವಳು ಹೇಳಬೇಕೆಂದಿದ್ದು 'ಬಿಸಿ ಇದೆ' ಅಂತ. ಹೇಳಿ ಮುಗಿಸುವಷ್ಟರಲ್ಲಿ ಟೀ ಆರಿಹೋಗಿತ್ತು. ಅವನು ನಗದೆ ಅದನ್ನೇ ಕುಡಿದ. ಮುಂದಿನ ವಸಂತದಲ್ಲಿ ಅವರ ಮದುವೆಯಾಯಿತು.

ಮದುವೆಯಾದ ಮೇಲೆ ಅವನೂ ಮಾತು ಕಡಿಮೆ ಮಾಡುತ್ತ ಬಂದ. ತಲೆ ಅಲ್ಲಾಡಿಸಿ ಉತ್ತರ ಕೊಡಬಹುದಾದ ಪ್ರಶ್ನೆಗಳನ್ನು ಮಾತ್ರ ಕೇಳುತ್ತಿದ್ದ. ಕ್ರಮೇಣ ಅವೂ ನಿಂತವು. ಮಕ್ಕಳಾಗಲಿಲ್ಲ. ಮನೆಯಲ್ಲಿ ಗಡಿಯಾರದ ಸದ್ದು, ಕೆಟಲಿನ ಸದ್ದು, ಗಾಳಿಯ ಸದ್ದು. ಇಪ್ಪತ್ತೆಂಟು ವರ್ಷ, ಮಂಗಳವಾರ ಮತ್ತು ಶನಿವಾರ ಸಂಜೆ ಅವನು ಸೈಕಲ್ ಹತ್ತಿ ಗುಡ್ಡದ ಆಚೆ ಹೋಗುತ್ತಿದ್ದ. ಮನೆಯಿಂದ ನಲವತ್ತು ಹೆಜ್ಜೆಗೆ ಸ್ಟೋನ್‌ಬೆಕ್‌ನದೇ ಪಬ್ಬಿತ್ತು. ಅಲ್ಲಿಯ ಬಿಯರು ಚೆನ್ನಾಗಿಲ್ಲ ಅನ್ನುತ್ತಿದ್ದ.

*

ಕರಿ ಟಗರಿನ ಬಾಗಿಲು ತಗ್ಗು. ಒಳಗೆ ಹಾಸುಗಲ್ಲಿನ ನೆಲ, ಕಲ್ಲಿದ್ದಲಿನ ಬೆಂಕಿ, ಹೊಗೆ ಕುಡಿದು ಕಂದಾಗಿದ್ದ ಮಾಳಿಗೆ. ಎನಿಡ್ ಕಾಲಿಟ್ಟ ಕೂಡಲೇ ಕೂತಿದ್ದವರೆಲ್ಲ ಎದ್ದು ನಿಂತರು. ಅವಳು ಹಿಂದೆ ತಿರುಗಿ ನೋಡಿದಳು, ಪಾದ್ರಿ ಏನಾದರೂ ಬಂದನೇ ಎಂದು. ಹಿಂದೆ ಇದ್ದವಳು ಮೇವಿಸ್ ಮಾತ್ರ.

ಪಬ್ ನಡೆಸುವ ಡೋರೀನ್ ಕೌಂಟರಿನ ಆಚೆಯಿಂದ ಕೈ ಒರೆಸಿಕೊಳ್ಳುತ್ತ ಬಂದಳು. ದಪ್ಪ ಹೆಂಗಸು, ಅತ್ತು ಅತ್ತು ಕಣ್ಣು ಊದಿತ್ತು. "ಏನು ಕೊಡ್ಲಿ ತಾಯಿ?"

ಈ ಪ್ರಶ್ನೆಗಾಗಿಯೇ ಎನಿಡ್ ಜೀವಮಾನವಿಡೀ ಇಂಥ ಜಾಗಗಳಿಗೆ ಹೋಗಿರಲಿಲ್ಲ.

"ಅವಳಿಗೆ ಶೆರ್ರಿ," ಎಂದಳು ಮೇವಿಸ್. ಎನಿಡ್‌ಗೆ ಆ ಸಿಹಿ ವೈನು ಸೇರುತ್ತಿರಲಿಲ್ಲ. ತೆಗೆದುಕೊಂಡು ಬೆಂಕಿಯ ಹತ್ತಿರ ಕೂತಳು.

ಹ್ಯಾಮ್ ಸ್ಯಾಂಡ್‌ವಿಚ್ಚು, ಹಂದಿಮಾಂಸದ ಕಡುಬು, ಉಪ್ಪಿನಕಾಯಿ ಹಾಕಿದ ಈರುಳ್ಳಿ ಮೇಜಿನ ತುಂಬ ಇತ್ತು. ಅವಳು ಒಂದು ತುಂಡು ಎತ್ತಿಕೊಂಡ ಮೇಲೆಯೇ ಉಳಿದವರು ಕೈ ಹಾಕಿದ್ದು. ಪಿಸುಮಾತು ನಡೆದಿತ್ತು. "ನೀನು ಹೇಳು." "ನೀನೇ ಹೇಳೋ, ನಿನ್ನ ಬಾಯಿ ದೊಡ್ಡದು." ಕೊನೆಗೆ ಸಿಗರೇಟು ಬಚ್ಚಿಟ್ಟುಕೊಂಡಿದ್ದ ಕುಳ್ಳ ಎದ್ದು ನಿಂತ. ಅವನ ಹೆಸರು ಪರ್ಸಿ, ಅಂಚೆ ಹಂಚುವವನು.

"ಮಿಸೆಸ್ ಆಲ್ಡರ್‌ಸನ್, ಸಿಟ್ಟು ಮಾಡ್ಕೋಬೇಡಿ. ಇವತ್ತು ವಿಲ್ಫ್‌ನ ನೆನಪು ಅಂದ್ರೆ ನಿಮ್ಮ ನೆನಪೂ ಬರಲೇಬೇಕು. ಆ ತಟ್ಟೆ ವಿಷಯ ಹೇಳಬಹುದಾ?"

ಅವಳು ಸುಮ್ಮನಿದ್ದಳು. ಅದನ್ನೇ ಅಪ್ಪಣೆ ಎಂದುಕೊಂಡು ಅವನು ಶುರುಮಾಡಿದ. "ಒಂದು ಶನಿವಾರ ನಮ್ಮ ವಿಲ್ಫ್ ಮನೆಗೆ ಹೋಗೋದು ತಡ ಆಯ್ತು. ಬಾಗಿಲು ತೆಗೆದ್ರೆ ಯಜಮಾನಿ ನಿಂತವ್ರೆ. ಒಂದು ಮಾತಿಲ್ಲ, ಕತೆಯಿಲ್ಲ, ಊಟದ ತಟ್ಟೆ ಗಾಳೀಲಿ ಬಂತು. ವಿಲ್ಫ್ ಏನು ಮಾಡ್ದ? ತಟ್ಟೆ ಬಿಟ್ಟ, ಕಡುಬು ಹಿಡ್ಕೊಂಡ. ಅಲ್ಲೇ ನಿಂತು ತಿಂದು, ಉಪ್ಪು ಕಮ್ಮಿ ಅಂದ. ಆಗ ಶುರುವಾಯ್ತು ನೋಡಿ ಯಜಮಾನಿ ಬಾಯಿ. ಸ್ಟೋನ್‌ಬೆಕ್‌ನಲ್ಲಿ ಬೈದಿದ್ದು ಇಲ್ಲಿ ಕುರಿಗಳಿಗೆ ಕೇಳಿಸ್ತಂತೆ."

ನಗು ಎದ್ದಿತು. ಎಲ್ಲರೂ ಅವಳ ಕಡೆ ನೋಡಿ ನಗು ನುಂಗಿದರು. ಇನ್ನೊಬ್ಬ, ವಿಮೆ ಮಾರಲು ಬಂದವನನ್ನು ಯಜಮಾನಿ ಬರೀ ಮಾತಿನಲ್ಲೇ ಹೊಳೆಗೆ ಇಳಿಸಿದ್ದನ್ನು ಹೇಳಿದ. ಮತ್ತೊಬ್ಬ, ಅವಳು ಮಹಡಿಯ ಕಿಟಕಿಯಿಂದ ತಲೆ ಹೊರಹಾಕಿ ಪಾದ್ರಿಗೇ ಉಪದೇಶ ಮಾಡಿದ್ದನ್ನು ಹೇಳಿದ.

"ಯಾರು?" ಎಂದಳು ಮೇವಿಸ್. "ಎನಿಡಾ? ಅಯ್ಯೋ ಇವಳಿಗೆ ತನ್ನ ಹೆಸರು—"

ಎನಿಡ್ ನಾದಿನಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಳು. ಮೇವಿಸ್ ಬಾಯಿ ಮುಚ್ಚಿದಳು. ಸುತ್ತಲಿನವರು ಒಬ್ಬರನ್ನೊಬ್ಬರು ನೋಡಿ ತಲೆದೂಗಿದರು: ಹೇಳಿದ್ದ ಹಾಗೇ ಇದ್ದಾಳೆ.

ಎನಿಡ್ ಗ್ಲಾಸು ಹಿಡಿದೇ ಎದ್ದು ಹಿಂಭಾಗದ ಓಣಿಗೆ ನಡೆದಳು. ಡೋರೀನ್ ಹಿಂದೆಯೇ ಬಂದಳು.

"ಬೇಜಾರಾಯ್ತಾ ತಾಯಿ? ಇವರಿಗೆ ಬುದ್ಧಿ ಇಲ್ಲ. ಆದ್ರೆ ನಿಮ್ಮ ದನೀನ ವಿಲ್ಫ್ ಮಾಡಿ ತೋರಿಸ್ತಿದ್ದ ನೋಡಿ, ಎಂಥ ದನಿ. ಒಂದು ಕಡೆ ನಿಲ್ಲೋದೇ ಇಲ್ಲ, ಜಲಪಾತ ಬಿದ್ದ ಹಾಗೆ. ಒಂದ್ಸಲ ಕರ್ಕೊಂಡು ಬಾರಯ್ಯ ಅಂದ್ರೆ, ಬೇಡ, ಅವಳು ಬಂದ್ರೆ ನೀವ್ಯಾರೂ ಬಾಯಿ ತೆಗೆಯೋ ಹಾಗಿಲ್ಲ ಅಂತಿದ್ದ." ಅವಳು ಏಪ್ರನ್ನಿನ ತುದಿಯಿಂದ ಮೂಗು ಒರೆಸಿಕೊಂಡಳು. "ನನ್ನ ಗಂಡ ಬದುಕಿದ್ದಾಗ ನನ್ನ ಬಗ್ಗೆ ಒಂದು ಒಳ್ಳೇದಿಲ್ಲ, ಕೆಟ್ಟದ್ದಿಲ್ಲ, ಏನೂ ಹೇಳ್ಲಿಲ್ಲ ತಾಯಿ. ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆಕಿಚ್ಚಿತ್ತು."

ಅವಳು ಹೋದ ಮೇಲೂ ಎನಿಡ್ ಖಾಲಿ ಪೀಪಾಯಿಗಳ ನಡುವೆ ನಿಂತೇ ಇದ್ದಳು. ವಿಲ್ಫ್ ಇನ್ನೊಬ್ಬ ಹೆಂಗಸನ್ನು ಇಟ್ಟುಕೊಂಡಿದ್ದರೆ ಅವಳ ಮನೆಗೆ ಹೋಗಿ ಬಾಗಿಲು ಬಡಿಯಬಹುದಿತ್ತು. ಅವನು ಬಾಯಲ್ಲೇ ಕಟ್ಟಿದ ಈ ಯಜಮಾನಿಯ ಬಾಗಿಲು ಎಲ್ಲಿದೆ?

*

ವಿಲ್ಫ್ ಕೆಲಸದಿಂದ ನಿವೃತ್ತನಾದ ವರ್ಷ, ಜೂನ್ ತಿಂಗಳ ಒಂದು ಶನಿವಾರ. ಸಂಜೆ ಇನ್ನೂ ಬೆಳಕಿತ್ತು. ಎನಿಡ್ ನೀಲಿ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಳು. ಇಡೀ ಮಧ್ಯಾಹ್ನ ಬಟ್ಟಲು ತೊಳೆಯುತ್ತ ಅಭ್ಯಾಸ ಮಾಡಿಕೊಂಡಿದ್ದಳು. ಬರ್ತೀನಿ, ಬರ್ತೀನಿ, ನಾನೂ ಬರ್ತೀನಿ. ಒಬ್ಬಳೇ ಇದ್ದಾಗ ಅದು ಸಲೀಸಾಗಿ ಬರುತ್ತಿತ್ತು.

ವಿಲ್ಫ್ ಸೈಕಲ್ ಹಿಡಿದು ಅಂಗಳದಲ್ಲಿದ್ದ.

"ಬ... ಬ..." ಎಂದಳು.

ಅವನು ಅವಳ ಕೋಟು ನೋಡಿದ. ಬೂಟಿಗೆ ಪಾಲಿಶ್ ಹಾಕಿದ್ದನ್ನೂ ನೋಡಿದ. ಅವನ ಮುಖಕ್ಕೆ ಒಂದು ಅಳುಕು ಬಂತು. ಮಳೆ ಬರುವ ಮುಂಚೆ ಕುರಿಗಳು ಗೋಡೆಯ ಬುಡಕ್ಕೆ ಸೇರಿಕೊಳ್ಳುವಾಗಿನ ಹಾಗೆ.

"ಬಾಗಿಲಾ?" ಎಂದ. "ನೀನು ಚಿಲಕ ಹಾಕ್ಕೊಂಡು ಮಲಗು. ನಾನು ಹಿಂಬಾಗಿಲಿಂದ ಬರ್ತೀನಿ."

ಅವನು ಅವಳ ಮಾತನ್ನು ಮುಗಿಸಿಕೊಟ್ಟದ್ದು ಅದೊಂದೇ ಸಲ. ಅವಳು ಹೌದು ಎಂದು ತಲೆಯಾಡಿಸಿ ಒಳಗೆ ಹೋಗಿ ಕೋಟು ತೆಗೆದಿಟ್ಟಳು. ಅವನು ಅವತ್ತು ಬೇಗ ವಾಪಸು ಬಂದ. ಅಡುಗೆಮನೆಯಲ್ಲಿ ಕತ್ತಲಲ್ಲೇ ಬಹಳ ಹೊತ್ತು ಕೂತಿದ್ದ. ಮೇಲೆ ಮಲಗಿದ್ದ ಅವಳಿಗೆ ಕುರ್ಚಿ ಸರಿಸಿದ ಸದ್ದೂ ಕೇಳಲಿಲ್ಲ.

*

ಅವಳು ಓಣಿಯಿಂದ ವಾಪಸು ಬಂದಾಗ ಅಲೆಕ್ ರೇನ್ ಒಬ್ಬನೇ ಬೆಂಕಿಯ ಮುಂದೆ ನಿಂತಿದ್ದ. ಉಳಿದವರು ಗೋಡೆಯುದ್ದದ ಬೆಂಚುಗಳ ಮೇಲೆ, ತಪ್ಪು ಮಾಡಿದವರ ಹಾಗೆ ಕೂತಿದ್ದರು.

"ಒಂದು ಮಾತು ಹೇಳ್ಬಿಡ್ತೀನಿ," ಎಂದ ಅಲೆಕ್. "ನನ್ನ ಹೆಂಡ್ತಿ ಹೋಗಿ ಒಂಬತ್ತು ವರ್ಷ. ಮನೇಲಿ ಬೈಯೋರು ಅಂತ ಯಾರೂ ಇಲ್ಲ. ಏನು ತಿಂದ್ರೂ, ಎಷ್ಟೊತ್ತಿಗೆ ಹೋದ್ರೂ ಕೇಳೋರಿಲ್ಲ. ಮಂಗಳವಾರ ಇಲ್ಲಿಗೆ ಬಂದು, ಈ ವಾರ ಯಜಮಾನಿ ಏನಂದ್ಲು ಅಂತ ವಿಲ್ಫ್‌ನ ಕೇಳ್ತಿದ್ದೆ. ನಿಮ್ಮ ಬೈಗುಳ ಕೇಳ್ಕೊಂಡು ಹೋಗಿ ಮಲಗಿದ್ರೆ ನಿದ್ದೆ ಬರ್ತಿತ್ತು ನನಗೆ." ಟೋಪಿಯನ್ನು ಕೈಯಲ್ಲಿ ತಿರುಗಿಸಿದ. "ಇನ್ನು ಅದೂ ಇಲ್ಲ. ನೀವೂ ಮತ್ತೆ ಇಲ್ಲಿಗೆ ಬರ್ತೀರೋ ಇಲ್ವೋ. ಒಂದೇ ಒಂದ್ಸಲ ನಮ್ಮನ್ನ ಬೈದು ಹೋಗಿ, ತಾಯಿ."

ಮೇವಿಸ್ ಕೈಚೀಲ ಎತ್ತಿಕೊಂಡು, "ನಡಿ ಎನಿಡ್, ಹೋಗೋಣ, ನಾನು ಹೇಳ್ತೀನಿ ಇವರಿಗೆ," ಎಂದು ಪಿಸುಗುಟ್ಟಿದಳು.

ಎನಿಡ್ ಹೋಗಬಹುದಿತ್ತು. ಒಂದು ಬಿರುಸು ನೋಟ ಬೀರಿ ಬಾಗಿಲು ದಾಟಿದ್ದರೆ ಸಾಕಿತ್ತು. ಆ ಹೆಂಗಸು ಈ ಕೋಣೆಯಲ್ಲಿ ಹಾಗೇ ಇರುತ್ತಿದ್ದಳು, ವಿಲ್ಫ್ ಸುಳ್ಳನೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವಳು ಬಾಗಿಲನ್ನು ನೋಡಿದಳು. ಅಲೆಕ್‌ನ ಮುಖ ನೋಡಿದಳು. ಆಮೇಲೆ ನೆಲದ ಮೇಲಿನ ಜೇಡಿಯ ಹೆಜ್ಜೆಗಳನ್ನು ನೋಡಿದಳು.

ಶೆರ್ರಿಯನ್ನು ಮೇಜಿನ ಮೇಲಿಟ್ಟು ನೆಟ್ಟಗೆ ನಿಂತಳು.

"ಬ..." ಎಂದಳು. "ಬ... ಬ..."

ಅವಳ ಗಲ್ಲ ಸೆಳೆದುಕೊಂಡಿತು. ಕಣ್ಣು ಮುಚ್ಚಿಕೊಂಡಿತು. ಕೊರಳಿನ ನರ ಉಬ್ಬಿತು. ಮೊದಲು ಅರ್ಥವಾದದ್ದು ಡೋರೀನ್‌ಗೆ; ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ ಒಬ್ಬೊಬ್ಬರಿಗೂ ಅರ್ಥವಾಗುತ್ತ ಹೋಯಿತು. ಪರ್ಸಿಯ ಮುಖ ಬಿಳುಚಿತು. ಇಪ್ಪತ್ತೆಂಟು ವರ್ಷದ ಮಂಗಳವಾರ, ಶನಿವಾರಗಳೆಲ್ಲ ಆ ಒಂದು ಅಕ್ಷರದ ಎದುರು ನಿಂತುಬಿಟ್ಟವು. ಮೇವಿಸ್ ಅಭ್ಯಾಸಬಲದಿಂದ ಬಾಯಿ ತೆರೆದಳು. ಅಲೆಕ್ ಅವಳ ಕಡೆ ತಿರುಗಿ ಬೇಡ ಎಂಬಂತೆ ಕೈ ಎತ್ತಿದ. ಕೈ ಎತ್ತಿಕೊಂಡೇ ಕಾದ.

ಬೆಂಕಿಯಲ್ಲಿ ಕಲ್ಲಿದ್ದಲು ಕುಸಿದು ಕೂತಿತು. ಗ್ಲಾಸುಗಳಲ್ಲಿ ನೊರೆ ಇಳಿಯುತ್ತ ಇಳಿಯುತ್ತ ಗೆರೆಯಷ್ಟೇ ಉಳಿಯಿತು.

"ಬ... ಬೂಟು," ಎಂದಳು ಎನಿಡ್. ಉಸಿರು ಎಳೆದುಕೊಂಡಳು. "ಬೂಟು ಬಿ... ಬಿಚ್ಚ್ರೋ. ನ... ನೆಲ ನೋಡಿ."

ಯಾರೂ ನಗಲಿಲ್ಲ. ಅಲೆಕ್ ಮೊದಲು ಕೂತ. ಮಂಡಿ ಬಗ್ಗದ ಕಾಲನ್ನು ಎರಡೂ ಕೈಯಿಂದ ಎತ್ತಿಟ್ಟುಕೊಂಡು ಬೂಟಿನ ದಾರ ಬಿಚ್ಚತೊಡಗಿದ. ಪರ್ಸಿ ಬಗ್ಗಿದ. ಬೆಂಚಿನುದ್ದಕ್ಕೂ ಬೋಳು ತಲೆಗಳು, ನರೆತ ತಲೆಗಳು ಒಂದೊಂದಾಗಿ ಬಗ್ಗಿದವು. ಹತ್ತು ಜೊತೆ ಬೂಟುಗಳು ಗೋಡೆಯ ಬುಡದಲ್ಲಿ ಸಾಲಾಗಿ ನಿಂತವು, ಅಂಚಿಗೆಲ್ಲ ಗುಂಡಿಯ ಹಳದಿ ಜೇಡಿ. ಗಂಡಸರು ತಣ್ಣನೆಯ ಹಾಸುಗಲ್ಲಿನ ಮೇಲೆ ಕಾಲುಚೀಲದಲ್ಲಿ ನಿಂತು ಅವಳ ಮುಂದಿನ ಮಾತಿಗೆ ಕಾದರು. ಅಲೆಕ್‌ನ ಎರಡು ಕಾಲುಚೀಲ ಎರಡು ಬಣ್ಣದವು. ಎಡಗಾಲಿನದು ತೂತಾಗಿ, ಹೆಬ್ಬೆರಳು ಹೊರಗೆ ಬಂದಿತ್ತು. ಅವನು ಅದನ್ನು ಇನ್ನೊಂದು ಪಾದದ ಕೆಳಗೆ ಮುಚ್ಚಿಟ್ಟುಕೊಳ್ಳಲು ನೋಡುತ್ತಿದ್ದ.