ನಾಲ್ಕನೆಯ ಲೋಟ

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಊರಿಗೆ ಹೋದರು. ಮರುದಿನ ಬೆಳಿಗ್ಗೆ ಎಂದಿನಂತೆ ಎದ್ದು ಅಕ್ಕಿ ಅಳೆದೆ. ಆಳಿಗೊಂದು ಸಣ್ಣ ಲೋಟ, ಅದು ನಮ್ಮ ಮನೆಯ ಅಳತೆ. ಅತ್ತೆ, ಗಂಡ ಬಕ್ಕೇಶ್, ನಾನು, ಮಗಳು ವಾಣಿ. ನಾಲ್ಕು ಲೋಟ ತೊಳೆದು ಒಲೆಗಿಟ್ಟೆ. ಕುಕ್ಕರ್ ಕೂಗಿದ ಮೇಲೆ ನೆನಪಾಯಿತು, ಬಕ್ಕೇಶ್ ಇಲ್ಲ. ಹರಿಹರದಲ್ಲಿ ಕೆಲಸ ಮುಗಿಸಿ ದಾವಣಗೆರೆಗೆ ಬರುವಾಗ ಅವರ ಬೈಕಿಗೆ ಲಾರಿ ಬಡಿದಿತ್ತು.

ಮರುದಿನವೂ ನಾಲ್ಕೇ ಹಾಕಿದೆ. ಮೂರಕ್ಕೆ ನಿಲ್ಲಿಸಲು ಕೈ ಬರಲಿಲ್ಲ.

ಅತ್ತೆ ಗುರುಶಾಂತಮ್ಮ ಎರಡು ತುತ್ತು ತಿಂದು ಏಳುತ್ತಿದ್ದರು. ನಾನೂ ಅಷ್ಟೇ. ಎರಡನೇ ತರಗತಿಯ ವಾಣಿ ತಟ್ಟೆಯ ಹತ್ತಿರ ಬರುತ್ತಲೇ ಇರಲಿಲ್ಲ. ಮಾತಾಡಿಸಲು ಬಂದವರೆಲ್ಲ ಅವಳ ಕೈಗೆ ಒಂದೊಂದು ಪ್ಯಾಕೆಟ್ ಕೊಟ್ಟು ಹೋಗಿದ್ದರು. ಚಿಪ್ಸ್, ಕ್ರೀಂ ಬಿಸ್ಕತ್ತು, ಬಣ್ಣದ ಜ್ಯೂಸು. ಅಪ್ಪ ಸತ್ತ ಮಗುವಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯುವುದಿಲ್ಲ. ಪ್ಯಾಕೆಟ್ ಕೊಡುವುದು ಸುಲಭ. ಅವು ಮುಗಿದ ಮೇಲೆ ಅತ್ತೆಯೇ ಅಂಗಡಿಯಿಂದ ತರತೊಡಗಿದರು.

"ಹೊಟ್ಟೆ ನೋವು ಅಂತಾಳೆ ಅತ್ತೆ. ಊಟ ಬಿಟ್ಟಿದಾಳೆ. ಇನ್ನು ಪ್ಯಾಕೆಟ್ ಬ್ಯಾಡ."

"ಅಪ್ಪ ಇಲ್ದ ಕೂಸು. ಇಲ್ಲ ಅನ್ನಕ್ಕೆ ನನಗೆ ಬಾಯಿ ಬರಂಗಿಲ್ಲ. ನೀನು ಓದಿದಾಕಿ, ನಿನಗೆ ಬರ್ತೈತೆ."

ಆ ದಿನಗಳಲ್ಲಿ ಮನೆಯಲ್ಲಿ ಯಾವ ಮಾತೂ ಮುಂದಕ್ಕೆ ಹೋಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ವಾಣಿ ಶಾಲೆಯಲ್ಲಿ ತಲೆ ಸುತ್ತಿ ಬಿದ್ದಳು. ಅವಳನ್ನು ಮನೆಗೆ ಕರೆತಂದವಳು ಆಮ್ನಾ. ವಿನೋಬನಗರದಲ್ಲಿ ನಮ್ಮ ಪಕ್ಕದ ಮನೆಯವಳು, ಅದೇ ಶಾಲೆಯ ಟೀಚರ್. ಡಾಕ್ಟರು ರಕ್ತ ಕಡಿಮೆ ಇದೆ ಎಂದರು. ಔಷಧಿ ಬರೆದುಕೊಟ್ಟು, ಜೊತೆಗೆ ಮನೆಯ ಊಟವೂ ಹೊಟ್ಟೆಗೆ ಬೀಳಬೇಕು ಎಂದರು.

ಮರುದಿನ ಬೆಳಿಗ್ಗೆ ಕಸದ ಗಾಡಿ ಹಾಡು ಹಾಕಿಕೊಂಡು ಬಂತು. ಹಿಂದಿನ ದಿನದ ಅನ್ನ ಹಾಗೇ ಉಳಿದಿತ್ತು. ಪಾತ್ರೆ ಹಿಡಿದು ಬಾಗಿಲಿಗೆ ಹೋದೆ. ಮಗುವನ್ನು ನೋಡಲು ಬಂದಿದ್ದ ಆಮ್ನಾ ಆಗಷ್ಟೇ ಗೇಟು ತೆಗೆಯುತ್ತಿದ್ದಳು. ವಾಣಿ ನನ್ನ ಸೆರಗು ಹಿಡಿದು ಕೇಳಿದಳು:

"ಅದು ಅಪ್ಪನ ಅನ್ನ ಅಲ್ವಾ? ಯಾಕ ದಿನಾ ಕಸದ ಗಾಡಿಗೆ ಹಾಕ್ತೀಯ?"

ನಾನು ನಿಂತೇ ಇದ್ದೆ. ಗಾಡಿ ಮುಂದಕ್ಕೆ ಹೋಯಿತು. ಆಮ್ನಾ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಒಳಗೆ ಬಂದು ಕೂತಳು.

"ಅಕ್ಕ, ಇವಳಿಗೆ ಬೈಬ್ಯಾಡ್ರಿ. ಕೆಲಸ ಕೊಡ್ರಿ. ಅಕ್ಕಿ ಇವಳೇ ಅಳೀಲಿ, ಸೊಪ್ಪು ಇವಳೇ ಬಿಡಿಸ್ಲಿ. ಸಂತೆಗೆ ಕರ್ಕಂಡು ಹೋಗಿ, ಯಾವ ತರಕಾರಿ ಬೇಕು ಅಂತ ಕೇಳ್ರಿ. ತಾವೇ ಆರಿಸಿ ತಂದಿದ್ದನ್ನ ಮಕ್ಕಳು ಬಾಯಿಗಾದ್ರೂ ಇಡ್ತಾವೆ. ಶಾಲೆಯಾಗ ದಿನಾ ನೋಡ್ತೀನಿ."

ಅತ್ತೆ ಒಳಗಿನಿಂದ ಬಂದರು. "ಚೆನ್ನಾಗೈತೆ! ಅಪ್ಪ ಹೋದ ಕೂಡ್ಲೆ ಕೂಸಿನ ಕೈಲಿ ಕೆಲಸ ಮಾಡಿಸಿ, ಸೊಪ್ಪು ಮಂಡಕ್ಕಿ ತಿನ್ಸಿ ಸಾಕ್ತಾರೆ ಅಂತಾರೆ ಜನ."

"ದಾವಣಗೆರೆಯಾಗ ಹುಟ್ಟಿ ಮಂಡಕ್ಕಿಗೆ ಹಿಂಗಂದ್ರೆ ಹೆಂಗಜ್ಜಿ? ಮಂಡಕ್ಕಿ ಹುರಿಯೋ ಭಟ್ಟಿಯೋರು ಕೇಳಿಸ್ಕಂಡ್ರೆ ನಾಳೆಯಿಂದ ನಿಮಗೆ ಒಂದು ಸೇರೂ ಅಳೆಯಂಗಿಲ್ಲ."

ಅತ್ತೆಯ ತುಟಿ ಸ್ವಲ್ಪ ಅಲುಗಿತು. ತುಂಬ ದಿನಗಳ ಮೇಲೆ.

ಆಮ್ನಾ ಒಂದು ಖಾಲಿ ಪ್ಯಾಕೆಟ್ ಎತ್ತಿಕೊಂಡಳು. "ನೋಡ್ರಿ, ಇದ್ರಾಗ ಇರೋದು ಉಪ್ಪು, ಎಣ್ಣೆ. ಹೊಟ್ಟೆ ತುಂಬಿದಂಗೆ ಆಗ್ತೈತೆ, ಮೈಗೆ ಹತ್ತಲ್ಲ. ತಿಂದು ಬಿಸಾಕಿದ್ರೆ ಈ ಕವರ್ ಕೊಳೆಯಲ್ಲ. ಮಳೆ ಬಂದಾಗ ನಮ್ಮ ಚರಂಡಿ ಕಟ್ಟೋದು ಇವುಗಳಿಂದ್ಲೇ. ಎಲ್ಲಿಂದಲೋ ಲಾರಿಯಾಗ..."

ಅವಳು ತಟ್ಟನೆ ನಿಲ್ಲಿಸಿದಳು.

"ಹೇಳು," ಎಂದೆ.

"ದೂರದಿಂದ ಬರೋ ತಿಂಡಿಗೆ ಡೀಸೆಲ್ ಸುಡಬೇಕು ಅಕ್ಕ. ನಮ್ಮ ಮಂಡಕ್ಕಿ ಇಲ್ಲೇ ಆಗ್ತೈತೆ. ಶೇಂಗಾ, ಬಾಳೆಹಣ್ಣು, ಸೊಪ್ಪು ಸುತ್ತಲ ಹಳ್ಳಿಯಿಂದ ಬರ್ತಾವೆ. ಇನ್ನು ಈ ಅನ್ನ. ಭತ್ತಕ್ಕೆ ಎಷ್ಟು ನೀರು ಬೇಕು ಅಂತ ಭದ್ರಾ ಕಾಲುವೆ ನೋಡಿದೋರಿಗೆ ಗೊತ್ತು. ಅಷ್ಟು ನೀರು ಕುಡಿದು ಬಂದ ಅನ್ನ ಕಸದ ಗುಡ್ಡೆಯಾಗ ಕೊಳೆತ್ರೆ, ಅದರಿಂದ ಏಳೋ ಅನಿಲ ಭೂಮಿನ ಇನ್ನಷ್ಟು ಬಿಸಿ ಮಾಡ್ತೈತೆ. ತಿನ್ನೋವಷ್ಟೇ ಬೇಯ್ಸೋದು, ಇಲ್ಲೇ ಬೆಳೆದಿದ್ದು ತಿನ್ನೋದು. ದೊಡ್ಡ ವಿದ್ಯೆ ಏನಲ್ಲ."

ಏಳುವಾಗ ಅವಳು ಇನ್ನೊಂದು ಮಾತು ಹೇಳಿದಳು. "ಮಾಳಿಗೆ ಮೇಲಿನ ಬಕೆಟ್ ನೋಡಿದ್ರಾ? ಬಕ್ಕೇಶಣ್ಣ ಹರಿಹರದಾಗ ನಮ್ಮ ಅಮ್ಮಿ ಹತ್ರ ಚಪ್ಪರದವರೆ ಬೀಜ ಕಡ ತಂದಿದ್ರು. ಅಮ್ಮಿ ಬೀಜ ಮಾರಂಗಿಲ್ಲ. ಬೆಳೆದು ವಾಪಸ್ ಕೊಡಬೇಕು, ಅಷ್ಟೇ."

ನನಗೆ ಗೊತ್ತಿರಲಿಲ್ಲ. ಮೇಲೆ ಹೋಗಿ ನೋಡಿದೆವು. ಪೇಂಟ್ ಬಕೆಟ್ಟಿನಲ್ಲಿ ಸಸಿಗಳು ಒಣಗಿದ್ದವು. ಒಂದು ಮಾತ್ರ ಉಸಿರು ಹಿಡಿದುಕೊಂಡಿತ್ತು. ಮಳೆ ಕೈಕೊಟ್ಟಿತ್ತು, ನೀರು ಹಾಕುವವರು ಯಾರೂ ಇರಲಿಲ್ಲ. ವಾಣಿ ಕೆಳಗೆ ಓಡಿಹೋಗಿ ಅಕ್ಕಿ ತೊಳೆದ ನೀರನ್ನು ಅರ್ಧ ಚೆಲ್ಲುತ್ತಾ ತಂದಳು.

ಮರುದಿನ ಅಕ್ಕಿ ಅಳೆದವಳು ಅವಳೇ. ಮೂರು ಲೋಟ ಹಾಕಿದಳು. ನಾಲ್ಕನೆಯದನ್ನು ತುಂಬಿ ಕೈಯಲ್ಲೇ ಹಿಡಿದುಕೊಂಡು ನನ್ನ ಮುಖ ನೋಡಿದಳು.

ಪೂಜೆಗೆ ಕೂತಿದ್ದ ಅತ್ತೆ ತಿರುಗಿ ನೋಡದೆಯೇ ಹೇಳಿದರು: "ಅದನ್ನ ಮಠಕ್ಕೆ ಅಂತ ಎತ್ತಿಡೋ ಗಡಿಗೆಗೆ ಹಾಕವ್ವ. ದಾಸೋಹದಾಗ ಯಾರೋ ಉಣ್ತಾರೆ. ನಿಮ್ಮಪ್ಪನ ಪಾಲು ಕಸಕ್ಕೆ ಹೋಗೋದು ಬ್ಯಾಡ."

ಅಂದಿನಿಂದ ನಮ್ಮ ಮನೆಯಿಂದ ಅನ್ನ ಕಸದ ಗಾಡಿಗೆ ಹೋಗಲಿಲ್ಲ. ಎಂದಾದರೂ ಮಿಕ್ಕರೆ ಬೆಳಿಗ್ಗೆ ಚಿತ್ರಾನ್ನ. ತರಕಾರಿ ಸಿಪ್ಪೆ ಇನ್ನೊಂದು ಬಕೆಟ್ಟಿನಲ್ಲಿ ಮಣ್ಣಿನ ಜೊತೆ ಗೊಬ್ಬರವಾಯಿತು.

ವಾಣಿ ಒಂದೇ ದಿನಕ್ಕೆ ಬದಲಾಗಲಿಲ್ಲ. ಪ್ಯಾಕೆಟ್ಟಿಗೆ ಅತ್ತಳು, ತಟ್ಟೆ ದೂಡಿದಳು. ಪೂರ್ತಿ ನಿಲ್ಲಿಸಬೇಡಿ, ವಾರಕ್ಕೊಂದು ಇರಲಿ ಎಂದು ಆಮ್ನಾ ಹೇಳಿದಳು. ಹಾಗೇ ಮಾಡಿದೆವು. ಬಟ್ಟೆ ಚೀಲ ಹಿಡಿದು ಸಂತೆಗೆ ಹೋದೆವು. ಮೊದಲ ಸಲ ಅವಳು ಆರಿಸಿದ್ದು ರಾಜಗಿರಿ ಸೊಪ್ಪು. ಕೆಂಪಗಿದೆ ಎಂಬ ಕಾರಣಕ್ಕೆ. ಅನ್ನ ಗುಲಾಬಿ ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಎರಡು ತುತ್ತು ತಿಂದಳು. ಸಂಜೆ ಶಾಲೆಯಿಂದ ಬಂದರೆ ಅಜ್ಜಿ ಮಂಡಕ್ಕಿಗೆ ಈರುಳ್ಳಿ, ಪುಟಾಣಿ ಪುಡಿ, ನಿಂಬೆರಸ ಹಾಕಿ ಕಲಸಿ ಕೊಡುತ್ತಿದ್ದರು. ಜನ ಏನಂದಾರು ಎಂಬ ಮಾತು ಅವರ ಬಾಯಲ್ಲಿ ಮತ್ತೆ ಬರಲಿಲ್ಲ. ಬಕೆಟ್ಟನ್ನು ಮಾತ್ರ ನಂಬಲಿಲ್ಲ.

"ಒಂದು ಬಕೆಟ್ ಅವರೆ ಬೆಳ್ದು ಮೊಮ್ಮಗಳ ಮದುವೆ ಊಟ ಹಾಕ್ಸ್ತೀರೇನು?"

"ಮದುವೆಗಲ್ಲಜ್ಜಿ, ಪಲ್ಯಕ್ಕೆ," ಎಂದಳು ಆಮ್ನಾ.

ಮಳೆಗಾಲದ ನಡುವೆ ಹರಿಹರದಿಂದ ಸುದ್ದಿ ಬಂತು. ಹೊಳೆ ಏರಿ ಆಮ್ನಾಳ ತಾಯಿ ಮಾಬೂಬೀ ಅವರ ಹಿತ್ತಿಲಿಗೆ ನೀರು ನುಗ್ಗಿತ್ತು. ಅವರ ಅವರೆ ಚಪ್ಪರ ಕೊಳೆತುಹೋಯಿತು. ಎತ್ತಿಟ್ಟಿದ್ದ ಬೀಜವೂ ನೆನೆದು ಹಾಳಾಯಿತು. ತವರಿನಿಂದ ತಂದು ಕಾಪಾಡಿಕೊಂಡು ಬಂದ ತಳಿ. ಇನ್ನು ಉಳಿದದ್ದು ನಮ್ಮ ಮಾಳಿಗೆಯ ಒಂದು ಬಳ್ಳಿ.

ಬಳ್ಳಿ ಬಟ್ಟೆ ಒಣಗಿಸುವ ಹಗ್ಗ ಹಿಡಿದು ಹಬ್ಬಿತು. ಚಳಿ ಬಿದ್ದಾಗ ಹೂವಾಯಿತು, ಕಾಯಿ ಬಿಟ್ಟಿತು. ವಾಣಿ ಮೊದಲ ಕಾಯಿಗಳನ್ನು ಕೊಯ್ದು, ತಾನೇ ನಾರು ತೆಗೆದು ಕೊಟ್ಟಳು. ಆ ರಾತ್ರಿ ಪಲ್ಯ ಎರಡನೇ ಸಲ ಕೇಳಿದಳು. ಅತ್ತೆ ಬಡಿಸುತ್ತಾ ಮುಖ ತಿರುಗಿಸಿಕೊಂಡರು.

ಚೆನ್ನಾಗಿರುವ ಕಾಯಿಗಳಿಗೆ ವಾಣಿ ಕೆಂಪು ದಾರ ಕಟ್ಟಿದ್ದಳು.

"ಬಲಿತು ಹೋಗ್ತಾವಲ್ಲೇ, ಸಾರಿಗೆ ಹಾಕ್ಲೇನು?" ಅತ್ತೆ ಕೇಳಿದರು.

"ಬ್ಯಾಡಜ್ಜಿ. ಅವು ನಮ್ಮವಲ್ಲ. ಅಪ್ಪ ಕಡ ತಂದಿದ್ದು."

ಓದುವ ತಾಯಂದಿರೇ, ಅಜ್ಜಿಯಂದಿರೇ, ಇದರಿಂದ ನನ್ನ ಮನೆ ತುಂಬಲಿಲ್ಲ. ಊಟದ ಹೊತ್ತಿಗೆ ಒಂದು ಜಾಗ ಈಗಲೂ ಖಾಲಿಯೇ ಇರುತ್ತದೆ. ಆದರೆ ನನ್ನ ಮಗಳು ಉಣ್ಣುತ್ತಾಳೆ. ನಿಮ್ಮ ಮಗುವಿನ ಕೈಗೂ ಒಂದು ಲೋಟ ಕೊಡಿ, ಅಕ್ಕಿ ಅದೇ ಅಳೆಯಲಿ. ಸಂತೆಯಲ್ಲಿ ಒಂದು ತರಕಾರಿ ಅದೇ ಆರಿಸಲಿ. ಹಳೆಯ ಬಕೆಟ್ಟಿನಲ್ಲಿ ಒಂದು ಬೀಜ ಊರಿ. ಕಷ್ಟ ಬಂದ ಮನೆಗೆ ಮಾತಾಡಿಸಲು ಹೋಗುವಾಗ ಅಲ್ಲಿಯ ಮಕ್ಕಳಿಗೆ ಪ್ಯಾಕೆಟ್ ಒಯ್ಯಬೇಡಿ. ಎರಡು ಬಾಳೆಹಣ್ಣು ಒಯ್ಯಿರಿ, ಪಕ್ಕದಲ್ಲಿ ಕೂತು ಅವರ ಜೊತೆ ನೀವೂ ತಿನ್ನಿ.

ಶಿವರಾತ್ರಿಗೆ ಮುಂಚೆ ಕಾಯಿಗಳು ಒಣಗಿದವು. ಬೀಜ ಬಿಡಿಸಿ ಬಕ್ಕೇಶರ ಕರ್ಚೀಫಿನಲ್ಲಿ ಕಟ್ಟಿಕೊಂಡು ನಾನೂ ವಾಣಿಯೂ ಹರಿಹರದ ಬಸ್ಸು ಹತ್ತಿದೆವು. ಆ ರಸ್ತೆಯಲ್ಲಿ ನಾನು ಕಿಟಕಿಯ ಹೊರಗೆ ನೋಡಲಿಲ್ಲ.

ಮಾಬೂಬೀ ಹಿತ್ತಿಲಲ್ಲಿ ಕೂತಿದ್ದರು. "ಬರ್ರಿ, ಕೂಡ್ರಿ," ಎಂದರು. ವಾಣಿಯನ್ನು ಹತ್ತಿರ ಎಳೆದುಕೊಂಡು ಕೆನ್ನೆ ಸವರಿದರು. "ಕಾಯಿ ಬಿಟ್ಟ ಮೇಲೆ ನಾನೇ ತಂದು ಕೊಡ್ತೀನಿ ಅಂದಿದ್ದ ನಿಮ್ಮಪ್ಪ."

"ತಂದೀವಿ," ಎಂದಳು ವಾಣಿ.

ನಾನು ಗಂಟು ಬಿಚ್ಚಿದೆ. ಮಾಬೂಬೀ ಬೀಜವನ್ನು ಅಂಗೈ ಮೇಲೆ ಹರಡಿಕೊಂಡು, ಬಿಸಿಲಿಗೆ ಹಿಡಿದು, ಒಂದೊಂದರ ಬಿಳಿ ಗೆರೆಯನ್ನೂ ನೋಡಿದರು. ಆಮೇಲೆ ಬೆರಳು ಮಡಚಿದರು.

"ಕಡ ಮುಟ್ತು," ಎಂದರು.