ನಿದ್ದೆ ಬಾರದ ಮೀನು, ಮಾತು ಬಾರದ ನವ್ಯ

ನವ್ಯಳಿಗೆ ಎರಡೂವರೆ ವರ್ಷ. ಮೈಕೈ ತುಂಬಿಕೊಂಡು ಚೆನ್ನಾಗಿದ್ದಳು. ಕರುವಿನ ಹಿಂದೆ ಓಡುತ್ತಿದ್ದಳು, ಬಿದ್ದರೆ ತಾನೇ ಎದ್ದು ನಿಲ್ಲುತ್ತಿದ್ದಳು. ಆದರೆ ಮಾತಿಲ್ಲ. "ಅಮ್ಮ", "ತಾತ", "ಬೇಡ". ಇಷ್ಟೇ ಅವಳ ಮಾತು.

ಬಂಗಾರಪೇಟೆಯ ಹತ್ತಿರದ ಒಂದು ಹಳ್ಳಿ ಅವರದು. ಅಪ್ಪ ನಾಗೇಶ್, ಅಮ್ಮ ಕಲ್ಪನ ಇಬ್ಬರೂ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಿದ್ದರು. ಅಜ್ಜಿ ಅನಸೂಯಮ್ಮನಿಗೆ ಹಸುಗಳ ಕೆಲಸವೇ ಸರಿಹೋಗುತ್ತಿತ್ತು. ಹಾಗಾಗಿ ಮಗು ತಾತ ಮುನಿಸ್ವಾಮಪ್ಪನ ಪಾಲಿಗೆ. ಅವನು ಹಿಂದೆ ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯಲ್ಲಿ ನೆಲದಡಿ ಇಳಿದು ದುಡಿದವನು. ಮಗು ಅತ್ತರೆ ಅವನು ಮೊಬೈಲು ಕೊಡುತ್ತಿದ್ದ. ಮಗು ಸುಮ್ಮನಾಗುತ್ತಿತ್ತು.

ಒಂದು ಸಂಜೆ ಕಲ್ಪನ ಕೆಲಸದಿಂದ ಬಂದವಳೇ, "ಬಂಗಾರಿ, ಅಮ್ಮ ಬಂದೆ ನೋಡು" ಎಂದಳು. ಮಗು ಮೊಬೈಲಿನಿಂದ ಕಣ್ಣೇ ತೆಗೆಯಲಿಲ್ಲ. ಕಲ್ಪನ ಚೀಲ ಇಳಿಸದೆ ಬಾಗಿಲಲ್ಲೇ ಕೂತುಬಿಟ್ಟಳು.

"ಮಾವ, ನನ್ನ ಮಗಳು ನನ್ನ ಜೊತೆ ಯಾವಾಗ ಮಾತಾಡೋದು?"

"ನಿನ್ ಗಂಡಾನೂ ಮೂರು ವರ್ಸಕ್ಕೇ ಬಾಯಿ ಬಿಟ್ಟಿದ್ದು. ಮಾತು ಎಲ್ಲಿಗ್ ಓಯ್ತದೆ? ಬತ್ತದೆ ಬುಡಮ್ಮ" ಅಂದ ಮುನಿಸ್ವಾಮಪ್ಪ.

ಆದರೂ ಕಲ್ಪನಳಿಗೆ ಸಮಾಧಾನವಾಗಲಿಲ್ಲ. ಊರಿನ ಅಂಗನವಾಡಿ ಟೀಚರ್ ರಾಧಾಮಣಿಯನ್ನು ಕೇಳಿದಳು. ರಾಧಾಮಣಿ ಊರಿಗಾಂನಿಂದ ದಿನವೂ ಬಸ್ಸಿನಲ್ಲಿ ಬರುವವರು.

"ಮೊದ್ಲು ಡಾಕ್ಟರಿಗೆ ತೋರ್ಸಮ್ಮ. ಕಿವಿ ಸರಿಯಾಗಿ ಕೇಳುತ್ತಾ ನೋಡ್ಲಿ" ಅಂದರು ರಾಧಾಮಣಿ.

ಕಲ್ಪನ ಒಂದು ದಿನ ರಜೆ ಹಾಕಿ ಮಗುವನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಕಿವಿ ಚೆನ್ನಾಗಿಯೇ ಇತ್ತು. ಮೊಬೈಲು ಬಿಡಿಸಿ, ಮಗುವಿನ ಜೊತೆ ಹೆಚ್ಚು ಮಾತಾಡಿ, ಆಮೇಲೆ ಮತ್ತೆ ಬಂದು ತೋರಿಸಿ ಅಂದರು ಡಾಕ್ಟರು. ಮಾರನೆಯ ದಿನ ರಾಧಾಮಣಿ ಒಂದು ತೆಳ್ಳನೆಯ ಚಿತ್ರದ ಪುಸ್ತಕ ಹಿಡಿದುಕೊಂಡು ಮನೆಗೇ ಬಂದರು.

"ತಾತ, ದಿನಾ ಹತ್ತೇ ನಿಮಿಷ. ಮಗೂನ ತೊಡೆ ಮೇಲೆ ಕೂರಿಸ್ಕೊಂಡು ಇದನ್ನ ಗಟ್ಟಿಯಾಗಿ ಓದಿ."

"ಮೊಬೈಲ್ನಾಗೂ ಕತೆ ಬತ್ತದಲ್ಲ ಟೀಚರಮ್ಮ?"

"ಬರುತ್ತೆ. ಆದ್ರೆ ಮೊಬೈಲು ಮಗು ಮುಖ ನೋಡಲ್ಲ. ಮಗು ಬೆರಳಿಟ್ಟು ತೋರ್ಸಿದ್ರೆ ಅದು ನಿಂತ್ಕೊಂಡು, 'ಓ, ಅದು ಆಮೆ ಕಣಮ್ಮ' ಅನ್ನಲ್ಲ. ನೀವು ಅಂತೀರ."

"ಮಾತೇ ಬರ್ದಿರೋ ಕೂಸಿಗೆ ಓದೋದಾ? ಕರೂಗೆ ಪಂಚಾಂಗ ಓದ್ದಂಗಾಯ್ತದೆ!"

ಮುನಿಸ್ವಾಮಪ್ಪ ಪುಸ್ತಕವನ್ನು ಮುಟ್ಟಲೂ ಇಲ್ಲ. ರಾಧಾಮಣಿ ಅದನ್ನು ಮಂಚದ ಮೇಲಿಟ್ಟು ಹೊರಟಾಗ, ಗೇಟಿನವರೆಗೆ ಹಿಂದೆಯೇ ಬಂದು ದನಿ ತಗ್ಗಿಸಿದ.

"ನಿಜ ಏಳ್ಬೇಕಂದ್ರೆ, ನಾನು ಓದಿದ್ದು ನಾಕನೇ ಕ್ಲಾಸು. ಅಕ್ಸರ ಕೂಡಿಸ್ಕೊಂಡು ಓದ್ಬೇಕು. ಮನೆಯೋರ ಮುಂದೆ ನಾಚ್ಕೆ ಆಯ್ತದೆ ಟೀಚರಮ್ಮ."

ರಾಧಾಮಣಿ ನಗಲಿಲ್ಲ. "ನಮ್ಮನೆ ಮಾತು ತಮಿಳು ತಾತ. ಕೆಲಸಕ್ಕೆ ಸೇರ್ದಾಗ ನಾನೂ ಕನ್ನಡ ತಡವರಿಸ್ತಾನೇ ಓದಿದ್ದು. ಒಂದು ಮಗೂನೂ ನಗಲಿಲ್ಲ. ಓದೋಕೆ ಕಷ್ಟ ಆದ್ರೆ ಚಿತ್ರ ನೋಡಿ ನೀವೇ ಕತೆ ಕಟ್ಟಿ. ಕನ್ನಡವೋ ತೆಲುಗೋ, ಮನೇಲಿ ಆಡೋ ಮಾತಲ್ಲೇ ಹೇಳಿ."

ಮಾರನೆಯ ಮಧ್ಯಾಹ್ನ. ಊಟ ಮುಗಿದಿತ್ತು. ಹಸುಗಳು ಮೆಲುಕು ಹಾಕುತ್ತಿದ್ದವು. ಹೊಂಗೆ ಮರದ ಕೆಳಗೆ ಮಂಚ. ಮುನಿಸ್ವಾಮಪ್ಪ ಅತ್ತಿತ್ತ ನೋಡಿದ, ಯಾರೂ ಇರಲಿಲ್ಲ. ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಪುಸ್ತಕ ಬಿಚ್ಚಿದ.

"ಒಂ...ದು ಕೆ...ರೆ. ಕೆರೇಲಿ ಒಂದು ಮೀ...ನು."

ನವ್ಯ ಪುಸ್ತಕವನ್ನು ಬಿಟ್ಟು ತಾತನ ಬಾಯಿಯನ್ನೇ ನೋಡಿದಳು.

ಆ ಮೀನಿಗೆ ನಿದ್ದೆ ಬರುತ್ತಿರಲಿಲ್ಲ. ನಿದ್ದೆ ಮಾಡುವುದು ಹೇಗೆಂದು ಎಲ್ಲರನ್ನೂ ಕೇಳುತ್ತಿತ್ತು. ಆಮೆ ತಲೆ ಒಳಗೆಳೆದುಕೊಂಡು ಮಲಗಿತು. ಕೊಕ್ಕರೆ ಒಂಟಿ ಕಾಲಿನಲ್ಲಿ ನಿಂತೇ ಮಲಗಿತು. ತಾವರೆ ದಳ ಮುಚ್ಚಿಕೊಂಡಿತು. ಮೀನು ಒಂಟಿಯಾಗಿ ಕೆರೆಯ ತಳಕ್ಕೆ ಇಳಿಯುತ್ತಾ ಹೋಯಿತು.

ಆ ಪುಟಕ್ಕೆ ಬಂದಾಗ ಮುನಿಸ್ವಾಮಪ್ಪನಿಗೆ ಅಕ್ಷರ ಬೇಕಾಗಲಿಲ್ಲ.

"ಕೆಳಗೆ ಇಳೀತಾ ಇಳೀತಾ ಬೆಳಕು ಸಣ್ಣಕಾಯ್ತದೆ ಕಣಮ್ಮ. ಬೆಚ್ಚಗಿರ್ತದೆ. ಸದ್ದೇ ಇರಲ್ಲ. ನಿನ್ ಉಸುರು ನಿಂಗೇ ಕೇಳ್ತದೆ..."

ಗಣಿಯ ಆಳದ ಸುದ್ದಿಯನ್ನು ಅವನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈಗ ಅದು ಮೀನಿನ ಕಥೆಯಾಗಿ ತಾನಾಗಿಯೇ ಬಂತು. ಎಲೆಗಳ ನೆರಳು ಪುಟದ ಮೇಲೆ ಈಜುತ್ತಿತ್ತು. ಮಂಚವೇ ಮೆಲ್ಲಗೆ ನೀರಿಗಿಳಿದು ತೇಲುತ್ತಿದೆಯೇನೋ ಎನಿಸಿತು ಅವನಿಗೆ. ಬಗ್ಗಿ ನೋಡಿದರೆ ನವ್ಯ ಅವನ ಎದೆಗೊರಗಿ ನಿದ್ದೆ ಹೋಗಿದ್ದಳು.

ಆಮೇಲೆ ಅದೇ ರೂಢಿಯಾಯಿತು. ಮೊದಲ ವಾರ ನವ್ಯ ಮೊಬೈಲಿಗಾಗಿ ಅತ್ತಳು. ತಾತ ಕೊಡಲಿಲ್ಲ. ಎರಡನೆಯ ವಾರ ತಾನೇ ಪುಸ್ತಕ ಎಳೆದುಕೊಂಡು ಬಂದಳು. ದಿನವೂ ಅದೇ ಪುಸ್ತಕ.

"ಕೇಳಿದ್ದೇ ಕೇಳ್ತಾಳಲ್ಲ ಟೀಚರಮ್ಮ!"

"ಕೇಳ್ಲಿ ಬಿಡಿ ತಾತ. ಮತ್ತೆ ಮತ್ತೆ ಕೇಳಿದ್ರೇನೇ ಮಾತು ಒಳಗೆ ಇಳಿಯೋದು."

"ಮೀ" ಎಂದಳು ನವ್ಯ ಒಂದು ದಿನ. ಇನ್ನೊಂದು ದಿನ "ಆಮೆ". ತಾತನ ಓದೂ ಸಲೀಸಾಗುತ್ತಾ ಬಂತು.

ಎರಡು ತಿಂಗಳು ಕಳೆದಿರಬೇಕು. ಅವತ್ತು ತುಂಬಾ ಸೆಕೆ. ಮುನಿಸ್ವಾಮಪ್ಪನಿಗೆ ತೂಕಡಿಕೆ. ಬೇಗ ಮುಗಿಸೋಣವೆಂದು ನಡುವಿನ ಪುಟಗಳನ್ನು ಒಟ್ಟಿಗೆ ಮಗುಚಿ, "ಮೀನೂ ಮಲಗ್ತು. ಕತೆ ಮುಗೀತು" ಅಂದ.

ಪುಟ್ಟ ಕೈ ಅವನ ಕೈಯನ್ನು ತಡೆಯಿತು. ನವ್ಯ ಪುಟಗಳನ್ನು ಹಿಂದಕ್ಕೆ ತಿರುವಿ ಕೊಕ್ಕರೆಯ ಚಿತ್ರದ ಮೇಲೆ ಬೆರಳಿಟ್ಟಳು.

"ತಾತ, ಕೊಕ್ಕೆ ಬಿಟ್ಟೆ. ಕೊಕ್ಕೆ ಮಲ್ಗಿಲ್ಲ."

ಮುನಿಸ್ವಾಮಪ್ಪನ ತೂಕಡಿಕೆ ಹಾರಿಹೋಯಿತು.

"ಅನಸೂಯಾ! ಬಾರೇ ಇಲ್ಲಿ! ಕೂಸು ನನ್ ತಪ್ಪು ಇಡೀತು ಕಣೇ!"

ಅನಸೂಯಮ್ಮ ಸಗಣಿ ಕೈಯಲ್ಲೇ ಓಡಿಬಂದಳು. ನವ್ಯ ಅಜ್ಜಿಗೂ ಚಿತ್ರ ತೋರಿಸಿ ಇನ್ನೊಮ್ಮೆ ಹೇಳಿದಳು: "ಕೊಕ್ಕೆ ಮಲ್ಗಿಲ್ಲ."

ಆ ಸಂಜೆ ಕಲ್ಪನ ಬಂದಾಗ ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಅಮ್ಮನ ಸೀರೆ ಹಿಡಿದು ಮಂಚಕ್ಕೆ ಎಳೆದುಕೊಂಡು ಹೋಗಿ, ಪುಸ್ತಕವನ್ನು ತಲೆಕೆಳಗಾಗಿ ಹಿಡಿದು ತಾತನಂತೆಯೇ ರಾಗವಾಗಿ ಓದತೊಡಗಿದಳು.

"ಆಮೆ ಮಲಗ್ತು. ಕೊಕ್ಕೆ ಮಲಗ್ತು. ಮೀನು ಮಲಗ್ತು." ಆಮೇಲೆ ಅಮ್ಮನ ದಣಿದ ಮುಖವನ್ನು ನೋಡಿ, ತನ್ನ ಪುಟ್ಟ ತೊಡೆ ತಟ್ಟಿದಳು. "ಅಮ್ಮ, ನೀನೂ ಮಲ್ಕೋ."

ಕಲ್ಪನ ಆ ತೊಡೆಯ ಮೇಲೆ ತಲೆಯಿಟ್ಟಳು. ಮಾತು ಬಂದಿದ್ದು ಮಗಳಿಗೆ. ನಿದ್ದೆ ಬಂದಿದ್ದು ತಾಯಿಗೆ.

ಮರುದಿನ ಬೆಳಿಗ್ಗೆ ಅಂಗನವಾಡಿಯ ಬಾಗಿಲು ತೆರೆಯುವ ಮೊದಲೇ ಮುನಿಸ್ವಾಮಪ್ಪ ಅಲ್ಲಿ ನಿಂತಿದ್ದ. "ಟೀಚರಮ್ಮ, ಇನ್ನೊಂದು ಪುಸ್ತಕ ಕೊಡಿ. ಬಾನುವಾರ ನಮ್ ಸೊಸೆ, ಮಗ ಓದ್ತಾರಂತೆ. ಮಿಕ್ಕಿದ್ ದಿನ ಮಾತ್ರ ನಂದೇ!"

ಅಕ್ಕಂದಿರೇ, ಅಣ್ಣಂದಿರೇ, ಎಲ್ಲ ಮಕ್ಕಳೂ ಎರಡೇ ತಿಂಗಳಲ್ಲಿ ಮಾತು ಕಲಿಯುತ್ತಾರೆ ಎಂದು ನಾವು ಹೇಳುತ್ತಿಲ್ಲ. ಮಾತು ತಡವಾದರೆ ಡಾಕ್ಟರಿಗೆ ತೋರಿಸಿ. ಆದರೆ ಎಲ್ಲ ಮಕ್ಕಳಿಗೂ ಬೇಕಾದದ್ದು ನಿಮ್ಮ ಮಡಿಲು, ನಿಮ್ಮ ದನಿ. ಮಗುವಿಗಿನ್ನೂ ವರ್ಷ ತುಂಬಿಲ್ಲವೇ? ಇವತ್ತೇ ಶುರು ಮಾಡಿ. ಓದು ಬಾರದೇ? ಚಿತ್ರ ತೋರಿಸಿ ಕಥೆ ಹೇಳಿ. ಪುಸ್ತಕವಿಲ್ಲವೇ? ಅಂಗನವಾಡಿಯಲ್ಲಿ, ಊರಿನ ಗ್ರಂಥಾಲಯದಲ್ಲಿ ಕೇಳಿ. ಹತ್ತು ನಿಮಿಷ ಮೊಬೈಲು ಗೂಡಿನಲ್ಲಿರಲಿ, ಮಗು ತೊಡೆಯ ಮೇಲಿರಲಿ.